ಸಿಗೂರಿನ ಆನೆದಾರಿಯೂ ಅದರ ನೆರೆಹೊರೆಯೂ

ಗುಂಡ್ಲುಪೇಟೆಯಿಂದ ತೆಂಕಣಕ್ಕೆ ಹೊರಡುವ ಉದಕಮಂಡಲದ ಬಸ್ಸು ಬಂಡೀಪುರದ ಕಾಡನ್ನು ದಾಟಿ, ಕೆಕ್ಕನಹಳ್ಳದ ಗಡಿಚೌಕಿಯಲ್ಲಿ ಕ್ಷಣಕಾಲ ನಿಂತು, ತಮಿಳುನಾಡನ್ನು ಪ್ರವೇಶಿಸುತ್ತದೆ. ಗಡಿ ಬದಲಾದದ್ದು ಫಲಕಗಳ ಲಿಪಿಯಿಂದ ತಿಳಿಯಬೇಕೇ ಹೊರತು ಕಾಡಿನಿಂದ ತಿಳಿಯುವುದಿಲ್ಲ. ಅದೇ ತೇಗ, ಅದೇ ಬಿದಿರು, ರಸ್ತೆಯ ಅಂಚಿನಲ್ಲಿ ಅವೇ ಜಿಂಕೆಗಳು. ತೆಪ್ಪಕಾಡಿನಲ್ಲಿ ಮೋಯಾರು ನದಿಯ ಬಳಿ ದಾರಿ ಎರಡಾಗುತ್ತದೆ. ಒಂದು ಗೂಡಲೂರಿನ ಕಡೆಗೆ, ಇನ್ನೊಂದು ಮೂಡಣಕ್ಕೆ, ಮಸಿನಗುಡಿಯ ಕಡೆಗೆ. ಈ ಎರಡನೆಯ ದಾರಿಯಲ್ಲಿ ಏಳೆಂಟು ಕಿಲೋಮೀಟರ್ ಸಾಗುವಷ್ಟರಲ್ಲಿ ಮರಗಳು ಗಿಡ್ಡವಾಗುತ್ತವೆ, ಮುಳ್ಳು ಹೆಚ್ಚುತ್ತದೆ, ಮಣ್ಣು ಒಣಗಿ ಕೆಂಪೇರುತ್ತದೆ. ನೀಲಗಿರಿಯ ಬೆಟ್ಟಸಾಲು ಮುಂಗಾರಿನ ಮೋಡಗಳನ್ನು ಆಚೆಯೇ ತಡೆದು ನಿಲ್ಲಿಸುವುದರಿಂದ ಈಚೆಗೆ ಬೀಳುವುದು ಉಳಿದ ಹನಿಗಳಷ್ಟೇ. ಈ ಮಳೆಯ ನೆರಳಿನ ನಾಡೇ ಸಿಗೂರು ಪ್ರಸ್ಥಭೂಮಿ.

ಈ ಸೀಮೆಯ ಊರುಗಳ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿದರೆ ನಮ್ಮ ವಾಚಕರಿಗೆ ಸಂತೋಷವಾದೀತು: ಮಾವನಹಳ್ಳ, ಆವರಹಳ್ಳ, ಬೊಕ್ಕಾಪುರ, ಕಲ್ಲಹಟ್ಟಿ, ಸಿರಿಯೂರು, ಆನೆಕಟ್ಟಿ. ನಕ್ಷೆಗಳಲ್ಲಿ ಮಾವನಹಳ್ಳವು ‘ಮಾವನಲ್ಲಾ’ ಎಂದಾಗಿದ್ದರೂ ಅದರೊಳಗೆ ಹರಿಯುವ ಹಳ್ಳವನ್ನು ಕನ್ನಡದ ಕಿವಿ ಗುರುತಿಸದೆ ಇರದು. ಮಸಿನಗುಡಿಗೆ ಆ ಹೆಸರು ಬಂದದ್ದು ಅಲ್ಲಿನ ಮಸಿನಿಯಮ್ಮನ ಗುಡಿಯಿಂದ ಎನ್ನುತ್ತಾರೆ. ಊರಿನ ಬೀದಿಯಲ್ಲಿ ತಮಿಳು ಮೇಲುಗೈಯಾದರೂ ಬಡಗರ ಮಾತು, ಇರುಳರ ಮಾತು, ಮಲಯಾಳ, ನಮ್ಮ ಚಾಮರಾಜನಗರ ಸೀಮೆಯ ಕನ್ನಡ, ಎಲ್ಲವೂ ಒಂದೇ ಚಹಾ ಅಂಗಡಿಯ ಬೆಂಚಿನ ಮೇಲೆ ಕೇಳಿಸುತ್ತವೆ. ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ಬೆಟ್ಟದ ಮೇಲಿನ ಹಟ್ಟಿಗಳಿಂದ ಬಡಗರು ದೊಡ್ಡ ಸಂಖ್ಯೆಯಲ್ಲಿ ಇಳಿದು ಬರುತ್ತಾರೆ.

ಪ್ರವಾಸಿಗಳು ಇಲ್ಲಿಗೆ ಬರುವುದು ಮಾತ್ರ ಹೆಸರುಗಳಿಗಾಗಿ ಅಲ್ಲ. ಅವರು ಬರುವುದು ಆನೆಗಾಗಿ. ಇಲ್ಲಿನ ಇಪ್ಪತ್ತು ವರ್ಷಗಳ ಕಲಹವೂ ಆನೆಯ ದಾರಿಯ ಕುರಿತಾದದ್ದೇ. ಯಾವ ನೆಲದಲ್ಲಿ ಏನು ಕಟ್ಟಬಹುದು, ಕಟ್ಟಿದವನ ವ್ಯಾಪಾರದಿಂದ ಪಕ್ಕದವನಿಗೆ ಆಗುವ ತೊಂದರೆಯನ್ನು ಯಾರು ತೂಗಬೇಕು ಎಂಬ ಪ್ರಶ್ನೆ ಎಲ್ಲ ಊರುಗಳಲ್ಲಿಯೂ ಇದೆ. ಒಂದು ಊರಿನಲ್ಲಿ ಅದು ಅಕ್ಕಿ ಗಿರಣಿಯ ಸದ್ದಾಗಿರಬಹುದು, ಇನ್ನೊಂದರಲ್ಲಿ ಕಲ್ಲುಕ್ವಾರಿಯ ದೂಳಾಗಿರಬಹುದು. ಸಿಗೂರಿನಲ್ಲಿ ನೆರೆಮನೆಯವರ ಪಟ್ಟಿಗೆ ಆನೆಯೂ ಸೇರಿಕೊಂಡಿದ್ದರಿಂದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಬೆಳೆಯಿತು.

ನೆಲದ ಆಕಾರವನ್ನು ಮೊದಲು ಹೇಳದಿದ್ದರೆ ಕಲಹ ಅರ್ಥವಾಗದು. ಮಸಿನಗುಡಿಯ ದಕ್ಷಿಣಕ್ಕೆ ನೀಲಗಿರಿಯ ಬೆಟ್ಟ ಗೋಡೆಯಂತೆ ಎದ್ದಿದೆ; ಆ ಗೋಡೆಯನ್ನು ಹತ್ತುವ ಕಲ್ಲಹಟ್ಟಿ ಘಾಟಿಗೆ ಮೂವತ್ತಾರು ಕಡಿದಾದ ತಿರುವುಗಳು. ಉತ್ತರಕ್ಕೆ ಮೋಯಾರು ನದಿ ಕೊರೆದಿರುವ ಆಳವಾದ ಕಮರಿ. ಗೋಡೆಗೂ ಕಮರಿಗೂ ನಡುವೆ ಉಳಿದ ಪಟ್ಟಿಯೇ ಪ್ರಸ್ಥಭೂಮಿ. ಪಡುವಣದಲ್ಲಿ ಮುದುಮಲೆ, ಬಂಡೀಪುರ, ವಯನಾಡು, ನಾಗರಹೊಳೆಗಳ ತೇವದ ಕಾಡು. ಮೂಡಣದಲ್ಲಿ ಸತ್ಯಮಂಗಲ, ಬಿಳಿಗಿರಿರಂಗನಬೆಟ್ಟ, ಮಲೆಮಹದೇಶ್ವರಬೆಟ್ಟಗಳ ಕಾಡು. ಹುಲ್ಲು ನೀರುಗಳು ಋತುವಿನಿಂದ ಋತುವಿಗೆ ಸ್ಥಳ ಬದಲಿಸಿದಂತೆ ಆನೆಯ ಹಿಂಡುಗಳು ಈ ಎರಡು ಕಾಡುಗಳ ನಡುವೆ ಹೋಗಿಬರುತ್ತವೆ. ಬೆಟ್ಟವನ್ನು ನೇರವಾಗಿ ಹತ್ತಲಾರದ, ಕಮರಿಯನ್ನು ಎಲ್ಲೆಂದರಲ್ಲಿ ಇಳಿಯಲಾರದ ಹಿಂಡಿಗೆ ಉಳಿಯುವುದು ನಡುವಿನ ಪಟ್ಟಿ. ಸಮತಟ್ಟಾದ ನೆಲವೆಂದು, ನೀರು ಹತ್ತಿರವೆಂದು ಮನುಷ್ಯರೂ ಆರಿಸಿಕೊಂಡದ್ದು ಅದನ್ನೇ.

ಆ ಪಟ್ಟಿಯ ಮೇಲೆ ಮೊದಲಿಗೆ ದೊಡ್ಡದಾಗಿ ಕೈ ಹಾಕಿದ್ದು ಸರಕಾರವೇ ಎಂಬುದನ್ನು ಮರೆಯಬಾರದು. ಪೈಕಾರ ಜಲವಿದ್ಯುತ್ ಯೋಜನೆಯ ಸಿಂಗಾರ ವಿದ್ಯುದಾಗಾರ 1932ರಲ್ಲಿ ಕೆಲಸ ಆರಂಭಿಸಿತು. ಮೋಯಾರಿನ ವಿದ್ಯುದಾಗಾರ ಐವತ್ತರ ದಶಕದಲ್ಲಿ ಬಂತು. ಕೂಲಿಗೆ, ಗುತ್ತಿಗೆಗೆ, ಅಂಗಡಿಗೆ ಎಂದು ನಾನಾ ಕಡೆಗಳಿಂದ ಬಂದವರು ಇಲ್ಲಿಯೇ ನೆಲೆನಿಂತರು. ಮರವಕಂಡಿಯ ಅಣೆಕಟ್ಟಿನಿಂದ ಮೋಯಾರಿಗೆ ನೀರೊಯ್ಯುವ ಕಾಲುವೆ ಇಂದಿಗೂ ಆನೆಗಳ ನಡಿಗೆಗೆ ಅಡ್ಡವಾಗಿದೆ. ಇರುಳರೂ ಕುರುಂಬರೂ ಇವರೆಲ್ಲರಿಗಿಂತ ಮೊದಲಿನವರು. ಬೇಸಾಯ ಅಲ್ಪ, ದನ ಬಹಳ. ದನದ ಗೊಬ್ಬರ ಲಾರಿಯೇರಿ ತೋಟಗಳಿಗೆ ಹೋಗುತ್ತದೆ. ಹೀಗಿದ್ದ ಊರಿಗೆ ಎಂಬತ್ತು ತೊಂಬತ್ತರ ದಶಕಗಳಿಂದ ರೆಸಾರ್ಟ್‌ಗಳು ಬಂದವು.

ಅವು ಬಂದ ಬಗೆ ಗಮನಾರ್ಹ. ಯಾರೂ ‘ಇಲ್ಲಿ ನೂರು ಮಂದಿ ಪ್ರವಾಸಿಗಳಿಗೆ ವಸತಿ ಕಟ್ಟುತ್ತೇನೆ’ ಎಂದು ಮೊದಲೇ ಅರ್ಜಿ ಹಾಕಿ ಬಂದದ್ದು ಕಡಮೆ. ಒಂದು ಪಟ್ಟಾ ಜಮೀನು ಕೊಳ್ಳುವುದು, ವಾಸದ ಮನೆಯೆಂದು ನಕ್ಷೆ ಒಪ್ಪಿಸುವುದು, ಮನೆಯ ಪಕ್ಕಕ್ಕೊಂದು ಅತಿಥಿಗೃಹ, ಅದರ ಹಿಂದೆ ನಾಲ್ಕು ಕುಟೀರ, ಸುತ್ತ ಸೌರಬೇಲಿ, ಮುಂದೆ ಫಲಕ. ಪ್ರತಿಯೊಂದು ಹೆಜ್ಜೆಯೂ ಚಿಕ್ಕದು. ಒಂದೊಂದನ್ನೇ ನೋಡಿದರೆ ಆಕ್ಷೇಪಿಸುವುದು ಕ್ಷುಲ್ಲಕವೆನಿಸುತ್ತದೆ. ಎಲ್ಲವನ್ನೂ ಕೂಡಿಸಿ ಮೇಲಿನಿಂದ ನೋಡಿದರೆ ದಾರಿಗೆ ಬೀಗ ಬಿದ್ದಿದೆ.

ನಿಯಮಗಳೇ ಇರಲಿಲ್ಲವೆಂದು ಹೇಳುವಂತಿಲ್ಲ. ಖಾಸಗಿ ಕಾಡುಗಳ ಸಂರಕ್ಷಣೆಗಾಗಿ ಮದರಾಸಿನ 1949ರ ಕಾಯ್ದೆ ಇತ್ತು. ಅದರ ವ್ಯಾಪ್ತಿಗೆ ಬರುವ ನೆಲವನ್ನು ಕಲೆಕ್ಟರರ ಸಂಬಂಧಪಟ್ಟ ಸಮಿತಿಯ ಅನುಮತಿಯಿಲ್ಲದೆ ಮಾರುವಂತಿಲ್ಲ. 1990ರಲ್ಲಿ ತಮಿಳುನಾಡು ಸರಕಾರ ಗುಡ್ಡಗಾಡು ಪ್ರದೇಶ ಸಂರಕ್ಷಣಾ ಪ್ರಾಧಿಕಾರವನ್ನು ರಚಿಸಿತು. ಅದರ ಪಟ್ಟಿಯಲ್ಲಿರುವ ಗ್ರಾಮಗಳಲ್ಲಿ ಕಟ್ಟಡಕ್ಕೆ ಪಂಚಾಯಿತಿಯ ಒಪ್ಪಿಗೆಯೊಂದೇ ಸಾಲದು. ವಾಸಕ್ಕೆ ಪಡೆದ ಅನುಮತಿಯನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬುದಂತೂ ಯಾವ ಊರಿನ ಕಟ್ಟಡ ನಿಯಮದಲ್ಲಾದರೂ ಇರುವ ಮಾತು. ಆದರೆ ಕಡತಗಳು ನಾಲ್ಕು ಕಚೇರಿಗಳಲ್ಲಿ ಹಂಚಿಹೋಗಿರುವಾಗ ಐದನೆಯವನಿಗೆ ಕೆಲಸ ಸುಲಭ. ಕಾಡಿನವರು ಕಂದಾಯದವರನ್ನೂ ಕಂದಾಯದವರು ಪಂಚಾಯಿತಿಯನ್ನೂ ತೋರಿಸುತ್ತಿದ್ದ ಕಾಲದಲ್ಲಿ ಗೋಡೆಗಳು ಮೇಲೇಳುತ್ತಿದ್ದವು.

ಮದರಾಸು ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳು ಹೋದವು. ತಜ್ಞರ ಸಮಿತಿಯೊಂದು ಸ್ಥಳ ನೋಡಿ ವರದಿ ಕೊಟ್ಟಿತು. 2010ರ ಆಗಸ್ಟ್ 31ರಂದು ರಾಜ್ಯ ಸರಕಾರ ಸಿಗೂರಿನ ಆನೆದಾರಿಯನ್ನು ಸರ್ವೆ ನಂಬರುಗಳ ಸಹಿತ ಅಧಿಸೂಚಿಸಿತು. 2011ರ ಏಪ್ರಿಲ್ 7ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರೆಸಾರ್ಟ್ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಏಳು ವರ್ಷ ಏನೂ ಆಗಲಿಲ್ಲವೆಂದೇ ಊರಿನವರು ಹೇಳುತ್ತಾರೆ. 2018ರ ಆಗಸ್ಟಿನಲ್ಲಿ ಒಮ್ಮೆಲೇ ಎಲ್ಲವೂ ಆಯಿತು. ಜಿಲ್ಲಾ ಕಲೆಕ್ಟರರ ವರದಿಯನ್ನು ನೋಡಿದ ನ್ಯಾಯಾಲಯ, ಅನುಮತಿಯಿಲ್ಲದವಕ್ಕೆ ಗಂಟೆಗಳ ಲೆಕ್ಕದಲ್ಲಿ ಗಡುವು ಕೊಟ್ಟಿತು. 39 ರೆಸಾರ್ಟ್‌ಗಳ ಪೈಕಿ 27ಕ್ಕೆ ಮೊಹರು ಬಿತ್ತು. ಕೊನೆಗೆ 2020ರ ಅಕ್ಟೋಬರ್ 14ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆನೆದಾರಿಯ ಅಧಿಸೂಚನೆಯನ್ನು ಸ್ಥಿರಪಡಿಸಿತು. ಹಾನಿ ಆದ ಮೇಲೆ ಲೆಕ್ಕ ಹಾಕುವುದಕ್ಕಿಂತ ಹಾನಿಯ ಶಂಕೆಯಿರುವಲ್ಲಿ ಮೊದಲೇ ತಡೆಯಬೇಕೆಂಬ ಮುಂಜಾಗ್ರತೆಯ ತತ್ತ್ವವನ್ನು ಅದು ಆಧಾರವಾಗಿ ಹಿಡಿಯಿತು.

ತೀರ್ಪಿನ ಎರಡನೆಯ ಭಾಗ ನನ್ನ ದೃಷ್ಟಿಗೆ ಮೊದಲನೆಯದಷ್ಟೇ ಮುಖ್ಯ. ಒಬ್ಬೊಬ್ಬ ಜಮೀನುದಾರನ ತಕರಾರನ್ನೂ ಪ್ರತ್ಯೇಕವಾಗಿ ಕೇಳುವುದಕ್ಕೆ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ವೆಂಕಟರಾಮನ್ ಅವರ ಅಧ್ಯಕ್ಷತೆಯ ಸಮಿತಿಯೊಂದನ್ನು ನ್ಯಾಯಾಲಯ ನೇಮಿಸಿತು. ಅದರಲ್ಲಿ ಒಬ್ಬ ಸದಸ್ಯರು ಅಜಯ್ ದೇಸಾಯಿ. ಬೆಳಗಾವಿ ಸೀಮೆಯ ಈ ವಿದ್ವಾಂಸರು ಮುದುಮಲೆಯಲ್ಲಿ ವರ್ಷಗಟ್ಟಲೆ ಆನೆಗಳ ಹಿಂದೆ ನಡೆದು ಅವುಗಳ ಸಂಚಾರವನ್ನು ಅಭ್ಯಸಿಸಿದವರು. ಸಮಿತಿಯ ನೇಮಕವಾದ ಮರುತಿಂಗಳೇ ಅವರು ತೀರಿಕೊಂಡದ್ದು ಆನೆಗಳಿಗೂ ಊರಿನವರಿಗೂ ಆದ ನಷ್ಟ.

ಅಲ್ಲಿಂದ ಎರಡೇ ತಿಂಗಳಿಗೆ, 2021ರ ಜನವರಿಯಲ್ಲಿ, ಮಸಿನಗುಡಿಯ ಹೆಸರು ದೇಶವೆಲ್ಲ ಕೇಳಿಬಂತು. ಮಾವನಹಳ್ಳದ ಬಳಿಯ ವಸತಿಗೃಹವೊಂದರ ಆವರಣಕ್ಕೆ ಬಂದ ಗಂಡಾನೆಯ ಮೇಲೆ ಅಲ್ಲಿದ್ದವರು ಉರಿಯುವ ವಸ್ತುವನ್ನು ಎಸೆದಿದ್ದರು. ಬೆಂಕಿ ಹತ್ತಿದ ಕಿವಿಯೊಡನೆ ಆನೆ ಓಡುವ ದೃಶ್ಯ ಹೊರಬಂದಾಗ ಅದು ಆಗಲೇ ಸತ್ತಿತ್ತು. ಗಾಯಗೊಂಡ ಅದನ್ನು ತೆಪ್ಪಕಾಡಿಗೆ ಸಾಗಿಸುವಾಗ ದಾರಿಯಲ್ಲೇ ಪ್ರಾಣ ಹೋಗಿತ್ತು. ತೆಪ್ಪಕಾಡಿನ ಶಿಬಿರವೆಂದರೆ ಬೊಮ್ಮನ್, ಬೆಳ್ಳಿ ದಂಪತಿಗಳು ತಾಯಿಯಿಲ್ಲದ ಮರಿಗಳನ್ನು ಸಾಕಿದ ತಾಣ. ಅವರನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂತು. ಎರಡು ಸ್ಥಳಗಳ ನಡುವೆ ಇರುವುದು ಒಂದು ಗಳಿಗೆಯ ಬಸ್ ಪ್ರಯಾಣ.

ಊರಿನಲ್ಲಿ ಎರಡು ದಿನ ಇದ್ದು ಮಾತನಾಡಿಸಿದಾಗ ತಿಳಿದದ್ದು, ನ್ಯಾಯಾಲಯದ ಕಾಗದದಲ್ಲಿ ಎರಡು ಪಕ್ಷಗಳಿದ್ದರೆ ನೆಲದ ಮೇಲೆ ಐದಾರು ಪಕ್ಷಗಳಿವೆ ಎಂದು. ಚಹಾ ಅಂಗಡಿ ನಡೆಸುವ ಹೆಂಗಸು ಗುಂಡ್ಲುಪೇಟೆಯ ಕಡೆಯಿಂದ ಮದುವೆಯಾಗಿ ಬಂದವರು. ಆನೆಯ ಭಯವಿಲ್ಲವೇ ಎಂದು ಕೇಳಿದ್ದಕ್ಕೆ, “ಆನ ಬತ್ತದ, ಹೋಯ್ತದ ಕಣಣ್ಣ. ಅದು ಹೋಗೋ ಜಾಗಕ್ಕ ಬೇಲಿ ಹಾಕುದ್ರ ಅದು ನಮ್ಮ ಬಾಗ್ಲಿಗೇ ತಾನೇ ಬರದು?” ಎಂದರು. ಈ ಒಂದು ವಾಕ್ಯದಲ್ಲಿ ಸಿಗೂರಿನ ವಲಯ ನಿಯಮದ ಸಾರವಿದೆ. ದುಡ್ಡಿದ್ದವನ ಹತ್ತು ಎಕರೆಗೆ ವಿದ್ಯುತ್ ಬೇಲಿ ಬಂದಾಗ ಆನೆ ಮಾಯವಾಗುವುದಿಲ್ಲ. ಬೇಲಿ ಹಾಕಲಾರದವನ ಹಿತ್ತಲಿಗೆ ತಿರುಗುತ್ತದೆ. ಬೇಲಿಯ ಲಾಭ ಒಳಗಿನ ಅತಿಥಿಗೆ, ಅದರ ಖರ್ಚು ಹೊರಗಿನ ನೆರೆಯವನಿಗೆ. ಅತಿಥಿಗಳಿಗೆ ಪ್ರಾಣಿಗಳನ್ನು ತೋರಿಸಲೆಂದು ಉಪ್ಪು, ಮೇವು ಇಟ್ಟು ಕರೆಯುವುದು, ರಾತ್ರಿ ದೀಪ ಬೆಳಗಿ ಹಾಡು ಹಾಕುವುದು, ಕೊಳವೆಬಾವಿ ತೋಡುವುದು, ಕಳ್ಳತನದ ರಾತ್ರಿ ಸಫಾರಿ, ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಜೀಪು ಓಡಿಸುವ ಯುವಕನ ಮಾತು ಬೇರೆ. ಮೊಹರು ಬಿದ್ದ ವಾರದಿಂದ ಅವನ ಬಾಡಿಗೆ ನಿಂತಿತು. ಅಡುಗೆಗೆ ಹೋಗುತ್ತಿದ್ದ ಅವನ ತಾಯಿಯ ಕೆಲಸವೂ ಹೋಯಿತು. ಆನೆಗಳ ಪರವಾಗಿ ಮಾತನಾಡುವ ಪಟ್ಟಣದವರು ಈ ಸಂಬಳವನ್ನು ಎಲ್ಲಿಂದ ತರುತ್ತಾರೆ ಎಂದು ಅವನು ಕೇಳಿದ. ಸಿಟ್ಟಿನಲ್ಲಿ ಕೇಳಿದ್ದಲ್ಲ, ಬೇಸರದಲ್ಲಿ ಕೇಳಿದ್ದು. ಉತ್ತರ ನನ್ನಲ್ಲಿರಲಿಲ್ಲ. ಒಂದು ವ್ಯಾಪಾರವನ್ನು ಇಪ್ಪತ್ತು ವರ್ಷ ಬೆಳೆಯಲು ಬಿಟ್ಟು ಎರಡು ದಿನಗಳಲ್ಲಿ ಮುಚ್ಚಿಸುವ ಆಡಳಿತ ಎರಡು ಸಲ ತಪ್ಪು ಮಾಡಿದೆ. ಮೊದಲನೆಯ ತಪ್ಪಿನ ಬೆಲೆ ತೆತ್ತದ್ದು ಆನೆ, ಎರಡನೆಯದರ ಬೆಲೆ ತೆತ್ತದ್ದು ಇಂಥ ಮನೆಗಳು. ಮಾಲೀಕರಲ್ಲಿ ಹಲವರಿಗೆ ಬೇರೆ ಊರುಗಳಲ್ಲಿ ಬೇರೆ ಮನೆಗಳಿವೆ.

ಮೂರನೆಯ ದನಿ ಸಣ್ಣ ಜಮೀನಿನವರದು, ಬಹುಶಃ ಎಲ್ಲಕ್ಕಿಂತ ಮೆಲ್ಲನೆಯದು. ಅವರ ಅರ್ಧ ಎಕರೆಯ ಸರ್ವೆ ನಂಬರೂ ಅಧಿಸೂಚನೆಯ ಪಟ್ಟಿಯಲ್ಲಿದೆ. ಅವರು ರೆಸಾರ್ಟ್ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಮಗಳ ಮದುವೆಗೆ ಮನೆಗೊಂದು ಕೋಣೆ ಸೇರಿಸಬೇಕೆಂದರೆ, ಬ್ಯಾಂಕಿನಲ್ಲಿ ಸಾಲ ಕೇಳಬೇಕೆಂದರೆ, ದಾರಿ ಸಿಗುವುದಿಲ್ಲ. ಆದಿವಾಸಿಗಳಿಗೂ ಪಾರಂಪರಿಕ ಅರಣ್ಯವಾಸಿಗಳಿಗೂ 2006ರ ಅರಣ್ಯ ಹಕ್ಕು ಕಾಯ್ದೆಯ ರಕ್ಷಣೆಯಿದೆ. ಆ ವರ್ಗಕ್ಕೆ ಸೇರದೆ, ಎರಡು ಮೂರು ತಲೆಮಾರಿನಿಂದ ಇಲ್ಲಿರುವ ಕೂಲಿಕಾರನಿಗೆ ಅದೂ ಇಲ್ಲ. ರೇಖೆ ಎಳೆಯುವಾಗ ಐವತ್ತು ಕೋಣೆಗಳ ವಸತಿಗೃಹವನ್ನೂ ಎರಡು ಕೋಣೆಗಳ ಮನೆಯನ್ನೂ ಒಂದೇ ಬಣ್ಣದಿಂದ ತುಂಬಿದರೆ ಮನೆಯವನು ವಸತಿಗೃಹದವನ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಮಸಿನಗುಡಿಯ ಪ್ರತಿಭಟನೆಗಳಲ್ಲಿ ಆದದ್ದು ಇದೇ. ರೆಸಾರ್ಟ್‌ಗಳ ವಿರುದ್ಧ ದೂರುತ್ತಿದ್ದ ನೆರೆಯವರೇ ಅವರೊಡನೆ ರಸ್ತೆಗಿಳಿದರು. ಆನೆದಾರಿ ಬೇಕೇ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರೊಳಗಿನ ಸಣ್ಣ ಮನೆಗಳಿಗೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಪ್ರತ್ಯೇಕವಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಟ್ಟಿದ್ದರೆ ಅರ್ಧ ಜಗಳ ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಇದು ಮುಗಿದ ಕಥೆಯೇನಲ್ಲ. 2024ರ ಬೇಸಗೆಯಲ್ಲಿ ತಮಿಳುನಾಡು ಅರಣ್ಯ ಇಲಾಖೆ ರಾಜ್ಯದಲ್ಲಿ 42 ಆನೆದಾರಿಗಳನ್ನು ಗುರುತಿಸಿದ ಕರಡು ವರದಿಯನ್ನು ಪ್ರಕಟಿಸಿ ಅಭಿಪ್ರಾಯ ಕೇಳಿತು. ಗೂಡಲೂರು, ಪಂದಲೂರು ಸೀಮೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ಕೊಟ್ಟ ಅವಧಿ ಅತ್ಯಲ್ಪ, ತಮ್ಮ ಊರೇ ನಕ್ಷೆಯೊಳಗೆ ಸಿಕ್ಕಿಕೊಂಡಿದೆ, ತಮ್ಮನ್ನು ಯಾರೂ ಕೇಳಲಿಲ್ಲ ಎಂಬುದು ಅಲ್ಲಿನವರ ಆಕ್ಷೇಪ. ಸಿಗೂರಿನ ಹದಿನಾಲ್ಕು ವರ್ಷಗಳ ಅನುಭವ ಕೈಯಲ್ಲಿದ್ದ ಆಡಳಿತ ಅಷ್ಟು ಅವಸರ ಪಡಬೇಕಾಗಿರಲಿಲ್ಲ.

ನಮ್ಮ ತಾಳವಾಡಿಯ ವಾಚಕರಿಗೆ ಇದು ದೂರದ ಸುದ್ದಿಯೆನಿಸಬಹುದು. ಮಸಿನಗುಡಿಯಿಂದ ಮೋಯಾರಿನ ಕಮರಿಯ ಅಂಚಿಗೆ ಬಂದು ನಿಂತು ನೋಡಿದರೆ ದೂರ ಎಷ್ಟೆಂದು ತಿಳಿಯುತ್ತದೆ. ಕೆಳಗೆ ನದಿ ಬೆಳ್ಳಿಯ ಎಳೆಯಂತೆ ಮೂಡಣಕ್ಕೆ ಹರಿದು ಭವಾನಿಸಾಗರದ ಕಡೆಗೆ ಹೋಗುತ್ತದೆ. ಮೇಲೆ ಬಿಳಿಬೆನ್ನಿನ ರಣಹದ್ದುಗಳು ಸುತ್ತುತ್ತವೆ. ದಕ್ಷಿಣ ಭಾರತದಲ್ಲಿ ಅವು ಗೂಡುಕಟ್ಟುವ ಮುಖ್ಯ ತಾಣ ಈ ಕಣಿವೆಯೇ. ನದಿಯ ಹರಿವನ್ನೇ ಕಣ್ಣಿನಿಂದ ಹಿಂಬಾಲಿಸಿದರೆ ಮೂಡಣದ ದಿಗಂತದಲ್ಲಿ ತಲಮಲೆಯ ಸಾಲು. ಅದರ ಹಿಂದೆ ತಾಳವಾಡಿ. ಸಿಗೂರಿನ ಪಟ್ಟಿಯನ್ನು ದಾಟಿದ ಹಿಂಡು ಮುಂದೆ ಸೇರುವುದು ಸತ್ಯಮಂಗಲದ ಕಾಡಿಗೆ, ಅಲ್ಲಿಂದ ಕಬ್ಬು ಬಾಳೆಗಳ ತಾಳವಾಡಿಯ ಹೊಲಗಳ ಅಂಚಿಗೆ. ರೈತರಿಗೆ ಬಹಳ ಕಾಟ ಕೊಟ್ಟ ‘ಕರುಪ್ಪನ್’ ಎಂಬ ಗಂಡಾನೆಯನ್ನು 2023ರ ಏಪ್ರಿಲ್‌ನಲ್ಲಿ ಅಲ್ಲಿ ಹಿಡಿದದ್ದು ಮಕ್ಕಳಿಗೂ ನೆನಪಿರುತ್ತದೆ. 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿಂತಾಗ ತಾಳವಾಡಿಯವರು ಕೇಳಿದ ಪ್ರಶ್ನೆಗಳೂ ಮಸಿನಗುಡಿಯವರ ಪ್ರಶ್ನೆಗಳೂ ಒಂದೇ ತರಹದವು: ಹೆರಿಗೆಗೆ ಆಸ್ಪತ್ರೆಗೆ ಹೋಗುವುದು ಹೇಗೆ, ಬೆಳೆದ ತರಕಾರಿ ಸಂತೆಗೆ ಹೋಗುವುದು ಹೇಗೆ, ಈ ಆಜ್ಞೆ ಬರೆಯುವಾಗ ನಮ್ಮನ್ನು ಕೇಳಿದವರು ಯಾರು?

ಕಮರಿಯ ಅಂಚಿನಿಂದ ಹಿಂದಿರುಗುವಾಗ ಸಂಜೆ ನಾಲ್ಕೂವರೆ. ಶಾಲೆ ಬಿಟ್ಟ ಮಕ್ಕಳು ಸಮವಸ್ತ್ರದಲ್ಲಿ ಗುಂಪುಗುಂಪಾಗಿ ನಿಂತು ವಾಹನಕ್ಕೆ ಕಾಯುತ್ತಿದ್ದರು. ಎರಡು ಕಿಲೋಮೀಟರ್‌ನ ದಾರಿಗೂ ಇಲ್ಲಿ ಯಾರೂ ಮಕ್ಕಳನ್ನು ನಡೆಸಿ ಕಳುಹಿಸುವುದಿಲ್ಲ. ರಸ್ತೆಯ ಎರಡು ಕಡೆಯೂ ಬೇಲಿ ಬಂದರೆ ನಡುವೆ ಸಿಕ್ಕಿದ ಆನೆಗೂ ಮಗುವಿಗೂ ಒಂದೇ ದಾರಿ ಉಳಿಯುತ್ತದೆ ಎಂದು ಅಲ್ಲಿದ್ದ ಶಿಕ್ಷಕರೊಬ್ಬರು ವಿವರಿಸಿದರು. ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವ ಮೇಜಿನ ಮೇಲೆ ಶಾಲೆಯ ದಾರಿಯ ನಕ್ಷೆಯೂ ಇರಬೇಕೆಂಬುದು ಅವರ ಬೇಡಿಕೆ. ಪಂಚಾಯಿತಿಗೆ ಎರಡು ಸಲ ಬರೆದುಕೊಟ್ಟಿದ್ದಾರಂತೆ.

ನೋಡಹೋಗುವವರಿಗೆ ಒಂದೆರಡು ಸೂಚನೆ. 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಸರಕಾರಿ ಬಸ್ಸಿನಲ್ಲಿ ಹೋದರೆ ಆ ತಾಪತ್ರಯವಿಲ್ಲ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ತಂಗುವ ಮುನ್ನ ಆ ಕಟ್ಟಡಕ್ಕೆ ವಸತಿಗೃಹವಾಗಿ ಅನುಮತಿಯಿದೆಯೇ ಎಂದು ಬಾಯಿಬಿಟ್ಟು ಕೇಳಿ. ನಾನು ಕೇಳಿದ ಮೂರು ಕಡೆಗಳಲ್ಲಿ ಒಂದರಲ್ಲಿ ಮಾತ್ರ ಕಾಗದ ತೋರಿಸಿದರು.